ನಲವತ್ತೆಂಟು ಅಂಕಿ

"ಮನೆಗೋ, ಕೆಲಸಕ್ಕೋ?" ಅಂತ ಕೇಳಿದ ಯೆಲ್ಮರ್,
ಮೊನ್ನೆ ಮೊನ್ನೆ ಮೀಸೆ ಬಂದವನು,
ಹಾರ್ಲಿಂಗನ್ ಬಂದರಿನ ಬೀದಿಯಂಗಡಿಯಲ್ಲಿ.
ಲ್ಯಾಪ್‌ಟಾಪ್ ಒಂದೇ. ಒಳಗಿನ ಹೂರಣ ಎರಡು ಬಗೆ:
ಒಂದರ ಹೆಸರು ಹೋಮ್, ಇನ್ನೊಂದರದು ಪ್ರೊ.
ನಡುವೆ ಎಂಬತ್ತು ಯೂರೋ.

ಏನು ಹೇಳಲಿ?
ಮೂವತ್ತೊಂದು ವರ್ಷದ ಸೂಲಗಿತ್ತಿ ನಾನು.
ನನ್ನ ಕೆಲಸವೆಲ್ಲ ಮನೆಯಲ್ಲೇ, ನನ್ನ ಮನೆಯಲ್ಲಲ್ಲ ಅಷ್ಟೇ.
ಏಣಿಯಂಥ ಮೆಟ್ಟಿಲು, ಮೇಲೊಂದು ಕೋಣೆ,
ನನ್ನ ಸೊಂಟ ಉಳಿಯಲೆಂದು
ದಿಮ್ಮಿಗಳ ಮೇಲೆ ಎತ್ತಿ ನಿಲ್ಲಿಸಿದ ಮಂಚ,
ಕೆಳಗೆ ನೀರು ಕಾಯಿಸುವುದು ಬಿಟ್ಟು ಬೇರೇನೂ ತೋಚದ ಗಂಡಸು.
ಅದು ಮನೆಯೋ, ಕಚೇರಿಯೋ?
ನೀನೂ ಅಂಥದೇ ಮಂಚದಲ್ಲಿ ಭೂಮಿಗೆ ಬಿದ್ದವನು ಕಣೋ,
ಮೂರು ಕಿಲೋ ನಾನೂರು, ಬಲಗಿವಿ ಮಡಚಿಕೊಂಡು
ಅನ್ನಲಿಲ್ಲ. ಅದನ್ನೆಲ್ಲ ಹೇಳಬಾರದು.

ಪಾಪ, ಬಿಡಿಸಿ ಹೇಳಿದ.
ಹೋಮ್‌ನಲ್ಲಿ ಪತ್ರ ಬರೆಯಬಹುದು,
ಮೊಮ್ಮಕ್ಕಳ ಮುಖ ನೋಡಬಹುದು, ಇಸ್ಪೀಟು ಆಡಬಹುದು.
ಪ್ರೊ ಆದರೆ ಬೇರೆ ಊರಲ್ಲಿ ಕೂತೂ ಇದನ್ನು ತೆರೆಯಬಹುದು.
ಅಯ್ಯೋ ಬೇಡ, ಅಂದೆ.
"ಹೋಮಿಗೂ ಒಂದು ಚಿಲಕ ಇರುತ್ತೆ ಮೇಡಂ.
ಬೀಗ ಬೇಕಂದ್ರೆ ಪ್ರೊ.
ಕದ್ದವನಿಗೆ ಬರೀ ಕಬ್ಬಿಣ ಸಿಗುತ್ತೆ."

ಬೀಗ ಅಂದಾಗ ಆ ಮೇಣಬಟ್ಟೆಯ ನೋಟ್‌ಬುಕ್ಕು.
ಹತ್ತು ವರ್ಷವಾಯಿತೇನೋ.
ಸೈಕಲ್ಲಿನ ಬುಟ್ಟಿಯಲ್ಲೇ ಬಿಟ್ಟು ಒಳಗೆ ಹೋಗಿದ್ದೆ,
ಒಂದು ಗಳಿಗೆ, ಮಗು ತೂಗಲು.
ಬಂದು ನೋಡಿದರೆ ಒಬ್ಬ ಪುಟ ತಿರುವುತ್ತಿದ್ದಾನೆ
ಬಿಟ್ಟುಹೋದ ಹೆಂಡತಿಯ ಹೊಸ ವಿಳಾಸಕ್ಕೆ,
ನಿಧಾನವಾಗಿ, ಬೆರಳಿಗೆ ಎಂಜಲು ಹಚ್ಚಿಕೊಂಡು.
ನನ್ನ ಅಕ್ಷರ ಕಾಗೆಕಾಲು. ಅವತ್ತು ಅದೇ ಬೀಗ.

"ಪ್ರೊ," ಅಂದೆ.

ಮನೆಗೆ ತಂದು ಮೇಜಿನ ಮೇಲೆ ತೆರೆದರೆ
ಇದೂ ಕೇಳುತ್ತದೆ: ಸ್ವಂತಕ್ಕೋ, ಸಂಸ್ಥೆಗೋ?
ಹಿಸ್ಕೆ ಎಂಬ ಸಂಸ್ಥೆ ಎದ್ದು, ಟೀ ಮಾಡಿಕೊಂಡು ಬಂದು
ಸ್ವಂತಕ್ಕೆ ಎಂದು ಒತ್ತಿತು.
ಆಮೇಲೆ ಬೀಗದ ಕೈ: ನಲವತ್ತೆಂಟು ಅಂಕಿ.
ಕಳೆದರೆ ದೇವರೂ ತೆರೆಯಲಾರ,
ಯಂತ್ರದ ಹತ್ತಿರ ಇಡಬೇಡಿ, ಎಂದು ಎಚ್ಚರಿಕೆ.
ಬರೆದುಕೊಂಡೆ, ಈ ಸಲ ದುಂಡಗೆ,
ಏಳು ಏಳಾಗಿಯೇ ಕಾಣುವಂತೆ.

ಇಡುವುದೆಲ್ಲಿ?
ಕಪಾಟಿನ ಮೇಲರೆಯಲ್ಲಿ ಒಂದು ತಗಡಿನ ಡಬ್ಬಿ ಇದೆ,
ಸಕ್ಕರೆ ಹೊದಿಸಿದ ಸೋಂಪುಕಾಳಿಗೆ ಅಂತ,
ಕೂಸು ಹುಟ್ಟಿದ ಮನೆಯವರು ಬಂದವರಿಗೆಲ್ಲ
ರಸ್ಕಿನ ಮೇಲೆ ಉದುರಿಸಿ ಕೊಡುವಂಥದು.
ಮದುವೆಗೆ ಯಾರೋ ಕೊಟ್ಟದ್ದು.
ಈ ಮನೆಯಲ್ಲಿ ಯಾರೂ ಹುಟ್ಟಲಿಲ್ಲ,
ಅದರ ಮುಚ್ಚಳ ತೆಗೆಯುವವರಿಲ್ಲ.
ಅಂಕಿಗಳನ್ನು ಮಡಿಸಿ ಅದರಲ್ಲಿ ಮಲಗಿಸಿದೆ.

ಅಷ್ಟರಲ್ಲಿ ಫೋನು: ಎಂಟು ನಿಮಿಷಕ್ಕೊಂದು ನೋವು,
ಕಟ್ಟೆಯಾಚೆಯ ಕುರಿಮನೆಯಿಂದ.
ಪರದೆಯ ಮೇಲೆ ಶೇಕಡಾ ಮೂವತ್ತೇಳು, ಆರಿಸಬೇಡಿ.
ಆರಿಸಲಿಲ್ಲ. ಕೋಟು ತೊಟ್ಟೆ, ಸೈಕಲ್ಲಿಗೆ ಗಾಳಿ ನೋಡಿದೆ.
ಅವಸರವಿಲ್ಲ ಮಗಾ, ನನಗೆ ಗೊತ್ತು,
ಎಲ್ಲರೂ ತೊಂಬತ್ತೊಂಬತ್ತರಲ್ಲಿ
ಸ್ವಲ್ಪ ಹೊತ್ತು ನಿಂತುಬಿಡುತ್ತಾರೆ.