ಬನಹಟ್ಟಿಯಾಗ ಒಂದು ಮಾತುಕತಿ

ಸೀನು ಸಣ್ಣದು. ಅಪ್ಪ, ಮಗಳು, ನಡುವ ಎರಡು ಚಾದ ಗ್ಲಾಸು.
ಹನ್ನೊಂದು ಮಾತು ಬರದಿದ್ದೆ ನಾನು,
ಕಡೀದು ಮಗಳದು: "ನಾ ಒಲ್ಲೆ ಅಪ್ಪಾ."
ಏನು ಒಲ್ಲೆ ಅನ್ನೋದು ನಮಗೂ ಗೊತ್ತಿರಲಿಲ್ಲ,
ಸರ್ ಕೇಳಿದ್ರ ನೋಡೂಣು ಅಂತ ಬಿಟ್ಟಿದ್ವಿ.

ಕ್ಯಾಮೆರಾ ಒಂದ.
ಲಗ್ನದ ಸುಗ್ಗಿ ಮುಗಿದ ಮ್ಯಾಲ
ಗುರುಪಾದನ ಮಾವ ಎರಡು ದಿನಕ್ಕ ಕೊಟ್ಟದ್ದು,
ಸ್ಟ್ಯಾಂಡಿನ ಮುರಕಾಲಿಗೆ ಸೀರಿ ಅಂಚಿನ ಪಟ್ಟಿ ಸುತ್ತಿದ್ದು.
ಮಗಳ ಪಾತ್ರಕ್ಕ ನಮ್ಮ ಕ್ಲಾಸಿನ ಶೈನಾಜ್.
ಅಪ್ಪ ಸಿಗಲಿಲ್ಲ.
ಕಡೀಕ ಓಣಿಯ ತಮ್ಮಣ್ಣೆಪ್ಪ ಕಾಕಾ ಹೂಂ ಅಂದ,
ಮೂವತ್ತೆಂಟು ವರ್ಷ ಪವರ್‌ಲೂಮಿನ ಮುಂದ ನಿಂತಾಂವ.
"ಒಮ್ಮೆ ದೊಡ್ಡಾಟದಾಗ ರಾಕ್ಷಸ ಆಗಿದ್ದೆ,
ಬರೇ ಒದರೂದಿತ್ತು, ಮಾತಿರಲಿಲ್ಲ."

ಮೊದಲ ಶೈನಾಜಳ ಕಡೆ, ಕಾಕಾನ ಹೆಗಲ ಮ್ಯಾಲಿಂದ.
ಗ್ವಾಡಿ ಆಚೆ ಹನ್ನೆರಡು ಮಗ್ಗ ಓಡತಿದ್ದವು.
ದಾನಮ್ಮ ಹೆಡ್‌ಫೋನ್ ಒಳಗ ಮಾರಿ ಹಿಂಡಿ
"ಅಕ್ಕಿಗಿಂತ ಹಳ್ಳ ಹೆಚ್ಚದಾವ" ಅಂದ್ಲು.

ಆಮ್ಯಾಲ ಕ್ಯಾಮೆರಾ ತಿರಿವಿದ್ವಿ.
ನೆಲಕ್ಕ ಸೀಮೆಸುಣ್ಣದ ಗೆರಿ ಹೊಡದಿದ್ದ ಗುರುಪಾದ:
ಇದನ್ನ ದಾಟಬ್ಯಾಡ್ರಿ, ದಾಟಿದ್ರ
ಇಬ್ರೂ ಒಂದ ದಿಕ್ಕಿಗೆ ಮಾರಿ ಮಾಡಿಧಂಗ ಕಾಣತೈತಿ,
ಮಹಾಲಿಂಗಪುರದ ಬಸ್ಸಿಗೆ ಕಾಯೋರಗತೆ.
ಚಾ ಮತ್ತ ತುಂಬಿದ್ವಿ, ಮದಲಿನ ಅಳತಿಗೆ, ಬೆರಳಿಟ್ಟು ನೋಡಿ.
ಆಗ ಕರೆಂಟ್ ಹೋತು.

ಹನ್ನೆರಡೂ ಮಗ್ಗ ಒಮ್ಮೆಗೇ.

ನಮಗ ಹಬ್ಬ. "ಕಾಕಾ, ಈಗ ಹೇಳ್ರಿ, ಶಾಂತ ಐತಿ."
ಕಾಕಾ ಹೇಳಲಿಲ್ಲ.
ಶೈನಾಜ್ ತನ್ನ ಮಾತು ಅಂದ್ಲು, ಮತ್ತೊಮ್ಮೆ ಅಂದ್ಲು.
ಆಂವ ಕಿವಿಯಾಗ ಬೆರಳ ತಿರಿವಿ,
"ಮಗ್ಗ ನಿಂತ್ರ ನನಗ ಕೇಳಸಂಗಿಲ್ಲವಾ" ಅಂದ.
"ಸಪ್ಪಳದಾಗ ಎಲ್ಲಾರೂ ಒದರಿ ಮಾತಾಡತೀರಿ.
ಶಾಂತ ಆದ ಕೂಡಲೇ ಮೆಲ್ಲಗಾಕ್ಕೀರಿ."

ಶೈನಾಜ್ ಒದರಿದ್ಲು: "ನಾ ಒಲ್ಲೆ ಅಪ್ಪಾ!"
ಕರೆಂಟಿಲ್ಲಂತ ಕಟ್ಟಿಗೆ ಬಂದು ಕುಂತ ಓಣಿ ಮಂದಿ
ಕಿಟಕಿಗೆ ಬಂತು. ಯಾರ ಮಗಳದು, ಏನಾತು?

ಜಮಖಂಡಿ ಕಾಲೇಜಿನ ಲ್ಯಾಬಿನಾಗ ಜೋಡಸಾಕ ಕುಂತ್ವಿ.
ಮಗಳ ಮಾರಿ ಬಂದ್ರ ಮಗ್ಗ ಓಡತಾವ,
ಅಪ್ಪನ ಮಾರಿ ಬಂದ್ರ ಸತ್ತಹೋಗತಾವ.
ಖಟಖಟ. ಏನಿಲ್ಲ. ಖಟಖಟ. ಏನಿಲ್ಲ.
ಮ್ಯಾಲ ಕಣ್ಣೂ ಕೂಡಂಗಿಲ್ಲ:
ಕಾಕಾನ ನೋಟ ಎರಡು ಬೆರಳ ಕೆಳಗ.
ಗೆರಿ ದಾಟಿಲ್ಲಲ್ಲೋ, ಸ್ಟೂಲು ಗಿಡ್ಡ ಇತ್ತೇನೋ,
ಒಬ್ಬರಿಗೊಬ್ಬರು ಬೈದ್ವಿ ರಾತ್ರಿ ಒಂಬತ್ತರತನಕ.
ಹಿಂದ ಮುಂದ ಓಡಿಸಿ ಓಡಿಸಿ ನೋಡಿದಾಗ ತಿಳೀತು,
ಆಂವ ಆಕಿ ತುಟಿ ನೋಡತಿದ್ದ.
ಹರದ ಎಳಿ ಎಲ್ಲಿ ಹರದೈತಿ ಅಂತ
ಹಾಸಿನ ಮ್ಯಾಲ ಬಗ್ಗಿ ನೋಡಿಧಂಗ.
ಮೂರು ಸೆಕೆಂಡಿನ ಆ ತುಣಕ
ನಾ ಉದ್ದ ಆತಂತ ಕತ್ತರಸಿ ಒಗದಿದ್ದೆ.
ತೆಗದು ಮತ್ತ ಹಚ್ಚಿದೆ.

ಮರುದಿನ ಮಗ್ಗದ ಸಪ್ಪಳ ತರಾಕ ಹೋದ್ವಿ.
ಒಂದು ನಿಮಿಷ ಯಾರೂ ಮಾತಾಡಬ್ಯಾಡ್ರಿ ಅಂದ್ಲು ದಾನಮ್ಮ.
ನಿಂತ್ವಿ, ಉಸರು ಬಿಗಿಹಿಡದು, ಶಾಲಿ ಪ್ರಾರ್ಥನಾಕ್ಕ ನಿಂತಂಗ.
ಇಪ್ಪತ್ತು ಸೆಕೆಂಡ್ ಆಗಿರಬೇಕು, ಕಾಕಾ
ಶೈನಾಜಳ ಕಡೆ ಬಗ್ಗಿ ಕೇಳಿದ,
"ಅಲ್ಲವಾ, ಆಕಿ ಏನು ಒಲ್ಲೆ ಅಂತಾಳ?"
ದಾನಮ್ಮ ಹಣಿ ಬಡಕೊಂಡ್ಲು.
ಶೈನಾಜ್ ನಮ್ಮ ಕಡೆ ನೋಡಲಿಲ್ಲ.
ಕಾಕಾನ ಎದುರಿಗೆ ಬಂದು, ತುಟಿ ದೊಡ್ಡದಾಗಿ ತೆಗದು
ಏನೋ ಹೇಳಿದ್ಲು. ಉದ್ದಕ ಹೇಳಿದ್ಲು.
ಹೆಡ್‌ಫೋನಿನಾಗ ಬರೇ ಮಗ್ಗ.
ಕಾಕಾ ಗೋಣು ಹಾಕಿದ.

ಆ ನಿಮಿಷಾನ ಅಪ್ಪನ ಮಾರಿ ಕೆಳಗ ಹಾಸಿವಿ.
ಸರ್ ಹತ್ತಕ್ಕ ಆರು ಕೊಟ್ರು. ಹಾಳಿ ಮ್ಯಾಲ ಬರದಿದ್ರು:
ಶಬ್ದ ಚಲೋ ಐತಿ. ಅಪ್ಪನ ನೋಟ ಕೆಳಗಾಗೈತಿ.