ಸೊನ್ನೆಯ ಮನೆ

ಜಗದೇವಿ ತಂದ ಹಾಳೆ ಸವೆದುಹೋಗಿತ್ತು.
ಹನ್ನೊಂದು ವರ್ಷ, ದಿನಕ್ಕೆ ನಲವತ್ತು ಸಲ
ಅವಳ ಬೆರಳು ಅದರ ಮೇಲೆ ಓಡಾಡಿದೆ.
"ಆಳಂದ ಇನ್ನಾ ಸಿಗತದರೀ, ಜೇವರ್ಗಿನೂ ಅದ.
ಸೇಡಂ ಪೂರಾ ಸಪಾಟಾಗ್ಯಾದ,
ಬಾಯಿಪಾಠದ ಮ್ಯಾಲೆ ಕೂಗ್ಲತ್ತೀನಿ.
ಈಗ ಟೈಮೂ ಬದಲಾಗ್ಯಾವ. ಹೊಸಾದು ಮಾಡಿಕೊಡ್ರಿ, ರವೂಫ್ ಭಾಯ್."

ಕಲಬುರಗಿ ಬಸ್ ಸ್ಟ್ಯಾಂಡಿನ ಮೈಕಿನ ದನಿ!
ಎಷ್ಟೋ ವರ್ಷ ಕೇಳಿದ್ದೆ,
ಮುಖ ನೋಡಿದ್ದು ಅವತ್ತೇ.

ನನ್ನದು ಸುಪರ್ ಮಾರ್ಕೆಟ್ಟಿನಲ್ಲಿ ಮೆಟ್ಟಿಲ ಕೆಳಗಿನ ಡಿಟಿಪಿ ಅಂಗಡಿ.
ಮದುವೆ ಕಾರ್ಡು, ಅಫಿಡವಿಟ್ಟು, ತೀರಿಕೊಂಡವರ ಫೋಟೋ,
ಉರ್ದು, ಕನ್ನಡ, ಬೇಕೆಂದರೆ ಮರಾಠಿ.
ಬ್ರೈಲ್ ಎಂದೂ ಮಾಡಿರಲಿಲ್ಲ.
ಹುಡುಕಿದೆ. ಯೂನಿಕೋಡಿನ ಒಂದು ಓಣಿಯಲ್ಲಿ ಸಿಕ್ಕಿತು,
ಸಾಲಾಗಿ ಇನ್ನೂರೈವತ್ತಾರು ಮನೆ.

ಒಂದೊಂದು ಚುಕ್ಕೆಗೆ ಒಂದೊಂದು ತೂಕದ ಕಲ್ಲು:
ಒಂದು, ಎರಡು, ನಾಲ್ಕು, ಎಂಟು, ಹದಿನಾರು, ಮೂವತ್ತೆರಡು,
ಆಮೇಲೆ ಇನ್ನೆರಡು ಭಾರದ ಕಲ್ಲು.
"ನಮ್ಮ ಸಾಲ್ಯಾಗ ಚುಕ್ಕಿ ಆರೇ ಇದ್ದವು," ಅಂದಳು.
ಆ ಎರಡನ್ನು ತಕ್ಕಡಿಯಿಂದ ಇಳಿಸಿದೆ.
ಎದ್ದ ಚುಕ್ಕೆಗಳ ಕಲ್ಲು ಕೂಡಿಸಿದರೆ ಬರುವುದು ಮನೆ ನಂಬರು.
ಸ ಹದಿನಾಲ್ಕು. ಏ ಹದಿನೇಳು.
ಡ ನಲವತ್ಮೂರು. ಅದರ ಮುಂದಿನ ಸೊನ್ನೆಗೆ ನಲವತ್ತೆಂಟು.
ಸೇಡಂ ಆಯಿತು.

ಯಾವ ಭಾಷೆಯೆಂದು ಆ ಮನೆಗಳು ಕೇಳುವುದಿಲ್ಲ.
ಐದನೇ ನಂಬರಿನಲ್ಲಿ ನಮ್ಮ ಕಾಫ್, ಅವಳ ಕ,
ಇಂಗ್ಲಿಷಿನ ಕೆ,
ಬಾಡಿಗೆ ಕರಾರಿಲ್ಲದೆ ಒಂದೇ ಚಾಪೆಯ ಮೇಲೆ.
ಓಣಿಯ ಮೊಟ್ಟಮೊದಲ ಮನೆ ಮಾತ್ರ ಸೊನ್ನೆ.
ಒಂದೂ ಚುಕ್ಕೆಯಿಲ್ಲ. ಬಿಟ್ಟ ಜಾಗದಂತೆ ಕಾಣುತ್ತದೆ,
ಆದರೆ ಕಂಪ್ಯೂಟರು ಅದನ್ನೂ ಅಕ್ಷರವೆಂದೇ ಎಣಿಸುತ್ತದೆ.
ಯಾರೂ ಇಲ್ಲದ ಮನೆಗೂ ಮನೆ ಪಟ್ಟಿ.

ಪರದೆಯ ಮೇಲೆ ಎಷ್ಟು ಚಂದ ಕೂತವು!
ಪ್ರಿಂಟ್ ತೆಗೆದೆ, ಇನ್ನೂ ಬಿಸಿ ಇರುವಾಗಲೇ ಕೊಟ್ಟೆ.
ಅವಳು ಬೆರಳಾಡಿಸಿದಳು. ತಿರುವಿದಳು. ಮತ್ತೆ ಬೆರಳಾಡಿಸಿದಳು.
"ಖಾಲಿ ಹಾಳಿ ಕೊಟ್ಟೀರೇನ್ರಿ?"

ಕಪ್ಪಗೆ ನೂರಾರು ಚುಕ್ಕೆ,
ಒಂದೂ ತಲೆ ಎತ್ತಿರಲಿಲ್ಲ.
ಅಷ್ಟು ಹೊತ್ತು ನಾನು ಕಣ್ಣಿದ್ದವರಿಗಾಗಿ
ಕುರುಡರ ಲಿಪಿ ಬರೆದಿದ್ದೆ.

ಅವಳು ನಕ್ಕು ದಬ್ಬಣ ಕೇಳಿದಳು.
"ಹಿಂದಿನಿಂದ ಚುಚ್ಚರಿ. ಬಲದಿಂದ ಎಡಕ್ಕ.
ಒಂದೊಂದು ಅಕ್ಷರನೂ ಕನ್ನಡ್ಯಾಗ ಕಂಡಂಗ ಉಲ್ಟಾ."

ಬಲದಿಂದ ಎಡಕ್ಕೆ ನನಗೆ ಯಾರೂ ಹೇಳಿಕೊಡಬೇಕಿಲ್ಲ.
ಅಬ್ಬಾ ಕಾತಿಬ್ ಆಗಿದ್ದರು.
ಬಿದಿರಿನ ಕಲಮು ಹಾಳೆಯ ಮೇಲೆ ಎಳೆಯುವ ಸದ್ದು
ನಮ್ಮ ಮನೆಯ ಗಡಿಯಾರ.
ಮದುವೆ ಕಾರ್ಡಿನ ದಪ್ಪ ರಟ್ಟು ತೆಗೆದು,
ಕೆಳಗೆ ಹಳೆ ರಬ್ಬರ್ ಚಪ್ಪಲಿ ಇಟ್ಟು,
ಷಟರ್ ಅರ್ಧ ಎಳೆದು, ರಾತ್ರಿ ಹನ್ನೊಂದರವರೆಗೆ ಚುಚ್ಚಿದೆ.
ಪ್ರತಿ ಚುಕ್ಕೆಗೂ ಸಣ್ಣದೊಂದು ಟಪ್.

ಮರುದಿನ ಆರೂಕಾಲಿಗೆ ಚಹಾದಂಗಡಿಯಲ್ಲಿ ನಿಂತಿದ್ದೆ.
ಮೈಕು ಗಂಟಲು ಸರಿ ಮಾಡಿಕೊಂಡಿತು.
"ಪ್ರಯಾಣಿಕರ ಗಮನಕ್ಕೆ. ಸಿಡಂ..."
ನಿಂತಿತು. ಫುಸಕ್ಕನೆ ನಗು,
ಇಡೀ ಬಸ್ ಸ್ಟ್ಯಾಂಡಿಗೆ ಕೇಳುವಂತೆ.
"ಸೇಡಂ, ಸೇಡಂ, ಪ್ಲಾಟ್‌ಫಾರಂ ನಾಲ್ಕು."

ಒಂದೇ ಒಂದು ಅಕ್ಷರ ಉಲ್ಟಾ ಮಾಡಲು ಮರೆತಿದ್ದೆ.
ಹದಿನೇಳು ಹೋಗಿ ಹತ್ತಾಗಿತ್ತು, ಏ ಹೋಗಿ ಇ.
ದಬ್ಬಣ ಜೇಬಿನಲ್ಲಿಟ್ಟುಕೊಂಡು ಅವಳ ಖೋಲಿಗೆ ಓಡಿದೆ.
ಅಷ್ಟರಲ್ಲಿ ಆ ಎರಡು ಚುಕ್ಕೆಯನ್ನು
ಹೆಬ್ಬೆರಳ ಉಗುರಿನಿಂದ ಒತ್ತಿ ಮಲಗಿಸಿದ್ದಳು.
ತಿದ್ದುತ್ತೇನೆ ಎಂದೆ.
"ಇರ್ಲಿ ಬಿಡ್ರಿ. ತಪ್ಪು ಓದೂಕ್ಕಿಂತ ಖಾಲಿ ಚಲೋ.
ಅಲ್ಲಿ ಏ ಅದ ಅಂತ ನನಗ ಗೊತ್ತದಲ್ಲ."

ಅವಳ ಬೆರಳು ಸ ದಾಟಿತು,
ಸೊನ್ನೆಯ ಮನೆಯ ಮುಂದೆ ಒಂದು ಚಣ ನಿಂತಿತು,
ಡ ಕಡೆ ಹೊರಟಿತು.
ಹೊರಗೆ ಕಂಡಕ್ಟರ್ ಬಾಗಿಲು ಬಡಿದ.