ಬೆನ್ನು

ಅವನ ಮಾರಿ ಹೆಂಗೈತಿ ಅಂತ ಯಾರರೆ ಕೇಳಿದ್ರ
ನನಗ ನೆಟ್ಟಗ ಹೇಳಾಕ ಬರತಿರಲಿಲ್ಲ.
ಏಳು ವರ್ಷ ನಾ ಗೋಲಿನ ಬಾಯಾಗ, ಆಂವ ನಟ್ಟನಡುವ;
ನಾ ಕಂಡದ್ದು ಬೆನ್ನು.
ಬೆನ್ನಿನ ಮ್ಯಾಲ ಎಂಟು. ಮ್ಯಾಲಿನ ಸುತ್ತು ಅರ್ಧ ಕಿತ್ತು
ದೂರಿಂದ ಆರರಂಗ ಕಾಣೂದು.

ಮುದಸ್ಸರ ಕಿಲ್ಲೇದಾರ. ನಮಗೆಲ್ಲಾ ಮುದ್ದ್ಯಾ.
ಟಿಳಕವಾಡಿ ಎರಡನೇ ಗೇಟಿನ ಆಚಿಕಡಿ ಮನಿ.
ಗೇಟು ಬಿದ್ದರೂ ಬಗ್ಗಿ ನುಸುಳಿ ಹಳಿ ದಾಟಾಂವ,
ದಾಟೂ ಮುಂಚೆ ಎಡಕೊಮ್ಮೆ, ಬಲಕೊಮ್ಮೆ.
ಲೇಲೆ ಮೈದಾನದಾಗೂ ಅದ ಕುತ್ತಿಗಿ, ಅದ ತಿರುವು,
ಚೆಂಡು ಇನ್ನೂ ಹಾದ್ಯಾಗ ಇರೂವಾಗನ.
'ಯಾರು ಕಲಿಸಿದ್ರೋ ಇದನ್ನ?' ಅಂದ್ರು ಸುಭೇದಾರ ನಲವಡೆ,
ನಮಗ ಪುಕ್ಕಟ ಆಟ ಹೇಳಿಕೊಡತಿದ್ದವರು.
'ಮಿರಜ ಪ್ಯಾಸೆಂಜರ್ ರೀ ಸರ್.'

ಗೋಲು ಹೊಡದಾಂವನ ಹೆಗಲ ಮ್ಯಾಲ ಎತ್ತತಾರ.
ಗೋಲು ಬಿಟ್ಟಾಂವಗ ಬೈಗಳ; ಅದು ನನಗ ರೂಢಿ.
ನಡುವಿನವಗ ಏನೂ ಇಲ್ಲ.
ಚೆಂಡು ತುಗೊಂಡ, ಕೊಟ್ಟ, ಮತ್ತ ಹೋಗಿ ನಿಂತ,
ಯಾರೂ ಇಲ್ಲದಲ್ಲಿ ನಿಂತ.
ಒಂದು ಗಳಿಗಿ ಆದಮ್ಯಾಲ ಗೊತ್ತಾಗೂದು
ಆಟ ಅಲ್ಲಿಗೇ ಬರೂದಿತ್ತು ಅಂತ.

ಹತ್ತೊಂಬತ್ತಕ್ಕ ಗೋವಾದಾಗ ಟ್ರಯಲ್.
ಚೋರ್ಲಾ ಘಾಟಿನ ತಿರುವಿನ್ಯಾಗ ಮೂರು ಸಲ ವಾಂತಿ,
ಕಾಲಿಗೆ ನನ್ನ ಶಿನ್‌ಗಾರ್ಡು.
ಎಡಗಾಲಿಂದು ಇನ್ನೂ ಅವನ ಕಡೇನ ಐತಿ.
ತಿಂಗಳಾದ ಮ್ಯಾಲ ಕಾಗದ ಬಂತು.
ಅವರಪ್ಪ, ಖಡೇಬಜಾರದಾಗ ಗಡಿಯಾರ ರಿಪೇರಿ ಮಾಡಾವ್ರು,
ಒಂದು ಕಣ್ಣಿಗೆ ದುರ್ಬೀನು ಸಿಗಿಸಿಕೊಂಡು
ಹದಿನಾರು ಪಾನ ಓದಿದ್ರು, ಬಿದ್ದ ಸ್ಪ್ರಿಂಗು ಹುಡುಕಿದಂಗ.
'ಮೂರು ವರ್ಷ ಅಂತಾರ,
ಅವಧಿಗೆ ಮುಂಚೆ ಅನ್ನೂದು ನಾಕ ಕಡೆ ಐತೆಲ್ಲಾ?'
ಆದ್ರೂ ತಮ್ಮದ ಪೆನ್ನು ಕೊಟ್ರು.

ಅವತ್ತಿಂದ ಅಂಗಡಿ ವಹಿಯ ಹಿಂದಿನ ಪಾನಿನ್ಯಾಗ
ಮಗ ಆಡಿದ ನಿಮಿಷ ಬರೀತಾರ.
ಮೊದಲ ವರ್ಷ: ನಲವತ್ತೊಂದು.
ಅದರಾಗ ಒಂಬತ್ತು, ಗೆದ್ದ ಆಟ ಎಳಿಯಾಕ ಇಳಿಸಿದ್ದು.
ಎರಡನೇ ವರ್ಷ: ಆರನೂರಾ ಹನ್ನೆರಡು.
ನಾ ಉದ್ಯಮಬಾಗದಾಗ ಎರಡನೇ ಪಾಳಿ,
ಲೇಥಿಗೆ ಮೊಬೈಲು ಆನಿಸಿ ನೋಡತಿದ್ನಿ.
ಕ್ಯಾಮೆರಾ ಚೆಂಡಿನ ಬೆನ್ನ ಹತ್ತತೈತಿ;
ಅದು ಮುದ್ದ್ಯಾನ ತನಕ ಬರೂದ್ರಾಗ
ಆಂವ ಕೊಟ್ಟು ಬಿಟ್ಟಿರತಾನ.
ಪರದೆ ಅಂಚಿನ್ಯಾಗ ಒಂದು ಮೊಣಕೈ,
ಒಂದು ನೆರಳು. ನನಗ ಅಷ್ಟ ಸಾಕು, ಗುರುತು ಹಿಡೀತೀನಿ.
ಬಾಜೂ ಮಷೀನಿನ ಹುಡುಗ ಕೇಳತಾನ,
'ಎಲ್ಲದಾನ್ರಿ ನಿಮ್ಮ ದೋಸ್ತ?'

ಮೂರನೇ ವರ್ಷ ಹೊಸಾ ಕೋಚು ಬಂದ.
ಮುದ್ದ್ಯಾನ ಬ್ಯಾರೆ ಊರಿನ ಕ್ಲಬ್ಬಿಗೆ ಎರವಲು ಕೊಟ್ರಂತ.
'ಮನುಷ್ಯಾರನೂ ಕಡ ಕೊಡತಾರೇನಪಾ?' ಅಂದ್ರು ಅವರಪ್ಪ,
'ಕಡ ಕೊಟ್ಟ ನಿಚ್ಚಣಿಕಿ
ತಾನಾಗಿ ಮನೀಗೆ ನಡಕೊಂಡು ಬಂದದ್ದು ನಾ ನೋಡಿಲ್ಲ.'
ಆ ವರ್ಷದ ಪಾನ ನನಗ ತೋರಿಸಲಿಲ್ಲ.

ಹೋದ ಈದಿಗೆ ಊರಿಗೆ ಬಂದಿದ್ದ.
ಸಂಜೀಕ ಲೇಲೆಯಾಗ ಸುಮ್ನ ಒಂದು ಆಟ.
ಈ ಕಡೆ ಗೋಲು ನಂದು; ಆಂವ ಆ ಕಡೆಯವರ ಜೋಡಿ.
ನಡುವಿಂದ ಎದ್ದು, ಕೆಂಪು ಧೂಳಿನ್ಯಾಗ,
ಸೀದಾ ನನ್ನ ಕಡೇನ ಬಂದ.
ಆಗ ನೋಡಿದ್ನಿ ನೋಡ್ರಿ ಮಾರಿ:
ಹುಬ್ಬಿನ ಮ್ಯಾಲ ಮೂರು ಹೊಲಿಗಿ,
ಇಪ್ಪತ್ತೆರಡಕ್ಕನ ಗಲ್ಲ ಒಳಗ ಹೋಗ್ಯಾವು,
ಬಾಯಿ ಸ್ವಲ್ಪ ತೆರದು, ಮನಸಿನ್ಯಾಗ ಲೆಕ್ಕ ಮಾಡೂ ಹುಡುಗನಂಗ.
ಎಡಕೊಮ್ಮೆ. ಬಲಕೊಮ್ಮೆ.
ಹೊಡೀತಾನಂತ ನಾ ಜಿಗದ್ನಿ.
ಹೊಡೀಲಿಲ್ಲ. ಬಾಜೂಕ ಸರಿಸಿದ,
ಸಾಲಿ ಅಂಗಿ ಹಾಕ್ಕೊಂಡಿದ್ದ ಯಾವದೋ ಹುಡುಗಗ.
ಆ ಹುಡುಗ ಖಾಲಿ ಗೋಲಿಗೆ ಒದ್ದು
ಅಂಗಿ ಬಿಚ್ಚಿ ತಿರುವಿಕೋತ ಓಡಿದ.
ನಾ ಮಣ್ಣಾಗ ಬಿದ್ದಕೊಂಡು ತಲಿ ಎತ್ತೂದ್ರಾಗ
ಮುದ್ದ್ಯಾ ಆಗಲೇ ತಿರುಗಿ ಹೊಂಟಿದ್ದ.
ಮತ್ತ ಬೆನ್ನು.

ಮರುದಿನ ಅಂಗಡಿ ಮುಂದ ಹಾದ್ರ ಅವರಪ್ಪ ಕರದ್ರು.
'ನಿನ್ನೆ ಎಷ್ಟು ನಿಮಿಷ ಆಡಿದ?'
ಗಡಿಯಾರ ನೋಡಿರಲಿಲ್ರಿ, ಅಂದ್ನಿ.
ಗ್ವಾಡಿಗೆ ನಲವತ್ತು ಗಡಿಯಾರ, ಒಂದೊಂದರಾಗ ಒಂದೊಂದು ವ್ಯಾಳ್ಯಾ.
ಸ್ವಲ್ಪ ಹೊತ್ತು ಸುಮ್ಮನಿದ್ದು
ಪೆನ್ಸಿಲ್ ಮಸೆದು ಕೇಳಿದ್ರು:
'ಅಂದಾಜು?'